ಬನ್ನಿ ಹಬ್ಬದ ಲಸಾನ್ಯಾ

ತಟ್ಟೆಯ ಮೂಲೆಯಲ್ಲಿ ಚೀಜು ಕರಕಾಗಿ ಹಿಡಿದಿದೆ, ಉಗುರಿನಿಂದ ಕೆರೆದರೂ ಬಿಡುತ್ತಿಲ್ಲ, ಕೆರೆದಷ್ಟೂ ಬೆಣ್ಣೆ ಸುಟ್ಟ ವಾಸನೆ, ಮಧ್ಯಾಹ್ನ ಮನೆತುಂಬ ಎಷ್ಟು ಹಿತವಾಗಿತ್ತು ಇದೇ ವಾಸನೆ — ತಿಕ್ಕಿದ್ದು ಸಾಕು ಬೇ ನಂದಿನಿ, ನೀರ ಹಾಕಿ ನೆನಿಯಾಕ ಬಿಡು, ಅವ್ವ ಪಡಸಾಲೆಯಿಂದ ಅನ್ನುತ್ತಾಳೆ, ದನಿಯಲ್ಲಿ ಏನೂ ಇಲ್ಲ, ಸಿಟ್ಟಾದರೂ ಇದ್ದಿದ್ದರೆ, ಎರಡು ಬೈದಿದ್ದರೆ, ರಾಜಶ್ರೀ ಟೀಚರ್ ಹೋಗಿ ಅರ್ಧ ತಾಸು ಆಗಿಲ್ಲ, ಅಷ್ಟರಲ್ಲಿ ಅವ್ವ ದಿನದ ಹಾಗೆ ಅಕ್ಕಿ ಆರಿಸುತ್ತ ಕೂತಿದ್ದಾಳೆ, ಮೊರದಲ್ಲಿ ಅಕ್ಕಿ ಸರ್‍ರ್ ಸರ್‍ರ್ ಎನ್ನುತ್ತಿದೆ, ನಾನು ಇಲ್ಲಿ ತಟ್ಟೆ ತಿಕ್ಕುತ್ತಿದ್ದೇನೆ, ಹೊರಗೆ ಹೋಗಿ ಅವಳ ಮುಖ ನೋಡುವುದು ಆಗುತ್ತಿಲ್ಲ. ದಸರಾ ರಜೆ ಬಿಡುವ ದಿನ ಸ್ಟಾಫ್ ರೂಮಿನಲ್ಲಿ ರಾಜಶ್ರೀಯೇ ಅಂದದ್ದು, ನಂದಿನಿ ಮೇಡಂ, ಈ ಸಲ ಬನ್ನಿ ಕೊಡಾಕ ನಿಮ್ಮ ಮನಿಗೆ ಬರ್ತೀನ್ರಿ, ಏನರ ಹೊಸಾದು ಮಾಡಿರ್‍ರಿ. ಮಾಡಿರ್‍ರಿ ಎಂದೇ ಅಂದಳು, ತರಿಸಿರ್‍ರಿ ಎನ್ನಲಿಲ್ಲ, ಈಗ ನೆನಪಾಗುತ್ತಿದೆ. ಐದು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದ್ದೇವೆ, ಅವಳ ಶೇಂಗಾ ಹೋಳಿಗೆ ನಾನು ಬೇಕಾದಷ್ಟು ತಿಂದಿದ್ದೇನೆ, ನನ್ನ ಡಬ್ಬಿ ಅವಳ ಕಡೆ ಸರಿಸಿದರೆ ಮಾತ್ರ ಇವತ್ತ ಒಂದೊತ್ತು ರೀ, ಇವತ್ತ ಹಲ್ಲುನೋವು ರೀ, ನಗುತ್ತಲೇ, ಹೊರಗಿನಿಂದ ಒಗ್ಗರಣಿ ಮಿರ್ಚಿ ತರಿಸಿದ ದಿನ ಒಂದೊತ್ತೂ ಇಲ್ಲ ಹಲ್ಲುನೋವೂ ಇಲ್ಲ. ನಾವು ಯಾವ ಓಣಿಯವರೆಂಬುದು ಸ್ಟಾಫ್ ರೂಮಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ, ನಾನೂ ಕೇಳಿಲ್ಲ, ಅವಳು ಒಳ್ಳೆಯವಳು, ನನಗೆ ಟೈಫಾಯಿಡ್ ಆದಾಗ ಹದಿನೈದು ದಿನ ನನ್ನ ಕ್ಲಾಸೂ ಅವಳೇ ತೆಗೆದುಕೊಂಡಳು, ಬರೀ ಆ ಡಬ್ಬಿ — ಹೋಳಿಗೆ ಮಾಡಿದರೆ ಅದು ನಮ್ಮ ಮನೆಯ ಹೋಳಿಗೆಯಾಗುತ್ತದೆ, ಲಸಾನ್ಯಾಕ್ಕೆ ಯಾವ ಓಣಿ, ಅದು ಸಮುದ್ರದಾಚೆಯ ಅಡುಗೆ, ಅದನ್ನು ತಿನ್ನುವಾಗ ಯಾರ ಕೈಯದೆಂದು ಯಾರಿಗೂ ನೆನಪಾಗದು ಎಂದುಕೊಂಡು ಫೋನಿನಲ್ಲಿ ನಾಲ್ಕು ಸಲ ವಿಡಿಯೋ ನೋಡಿದೆ, ಮೈದಾ ಹಾಳೆ, ಟೊಮೆಟೊ ಗೊಜ್ಜು, ಹಾಲಿನ ಗಂಜಿಯಂಥದ್ದು, ಚೀಜು, ಪದರದ ಮೇಲೆ ಪದರ.

ಹಾಳೆ ಸಿಂಧನೂರಿನಲ್ಲಿ ಎಲ್ಲಿ ಸಿಗಬೇಕು. ಅಲ್ಲಾಬಕ್ಷ್ ಅಣ್ಣನ ಅಂಗಡಿಯಲ್ಲಿ ಕೇಳಿದರೆ, ಹಾಳಿ ಬೇಕಂದ್ರ ಬಾಜೂಕ ಬುಕ್ ಸ್ಟಾಲ್ ಐತಿ ನೋಡ್ರಿ ಟೀಚರ್, ಎಂದು ನಕ್ಕ, ಚೀಜು ಮಾತ್ರ ಕೊಟ್ಟ. ಸಪ್ಪೆ ಮುಖ ಹೊತ್ತು ಬಂದವಳನ್ನು ನೋಡಿ ಅವ್ವ, ಅದೇನ್ ಆಕಾಶದಿಂದ ಇಳಿಬೇಕೇನ ಬೇ, ಮೈದಾ ತಾ ಇಲ್ಲಿ, ಎಂದಳು, ನಾದಿದಳು, ಲಟ್ಟಿಸಿದಳು, ಬೆಳಕು ಹಾಯುವಷ್ಟು ತೆಳ್ಳಗೆ, ವಳಕಮದಿನ್ನಿಯ ಗದ್ದೆಗಳಲ್ಲಿ ಮೂವತ್ತು ವರ್ಷ ನಾಟಿ ಹಚ್ಚಿದ ಕೈ, ಗೆಣ್ಣು ಗೆಣ್ಣು ಊದಿದ ಬೆರಳು, ಹಾಳೆ ಮಾತ್ರ ಒಂದೂ ಹರಿಯಲಿಲ್ಲ. ಬೇಯಿಸಿದ್ದನ್ನ ಮತ್ತ ಯಾಕ ಬೇಯಿಸ್ತಾರ, ಅವರಿಗೆ ಬ್ಯಾರೆ ಕೆಲಸಿಲ್ಲೇನು ಎಂದು ನಗಾಡಿದಳು, ಓವನ್ ಇಲ್ಲವಲ್ಲ ಯವ್ವಾ ಅಂದರೆ ಜೋಳದ ಅಳ್ಳು ಹುರಿಯುವ ಮರಳು ತಂದು ದಪ್ಪ ಬೋಗುಣಿಯಲ್ಲಿ ಸುರಿದಳು, ಕಾಯಿಸಿದಳು, ತಟ್ಟೆ ಇಟ್ಟು ಮೇಲೆ ಮುಚ್ಚಿ ಮುಚ್ಚಳದ ಮೇಲೂ ಕೆಂಡ ಹಾಕಿದಳು, ಉರಿ ಸಣ್ಣಗಿರಲಿ, ತಾಳ್ಮಿ ಇರಲಿ, ಎಂದಳು. ತೆಗೆದಾಗ ಮೇಲೆಲ್ಲ ಹೊಂಬಣ್ಣ. ಆಹಾ, ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನೋಡುತ್ತ ನಿಂತೆವು, ಟೀಚರಮ್ಮ ತಿಂತಾಳ ನೋಡ ಇವತ್ತ, ಅವ್ವ ಅಂದಳು, ನನ್ನ ಡಬ್ಬಿಯ ಸಂಗತಿ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ, ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಐದರ ಸುಮಾರಿಗೆ ರಾಜಶ್ರೀ ಬಂದಳು, ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಎಂದು ನನ್ನ ಕೈಯಲ್ಲಿ ಎಲೆ ಇಟ್ಟಳು, ಒಳಗಿನಿಂದ ಬಂದ ಅವ್ವನಿಗೂ ಇಟ್ಟು ಬಗ್ಗಿ ಕಾಲು ಮುಟ್ಟಿದಳು, ಹೌದು, ಮುಟ್ಟಿದಳು, ನಾನೇ ನೋಡಿದೆ, ಅವ್ವ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು, ಅಷ್ಟು ಕಂಡ ಮೇಲೂ ನಾನು — ಮರಳಿನ ಬಿಸಿಯಲ್ಲೇ ಇಟ್ಟಿದ್ದರಲ್ಲಿ ಒಂದು ತುಂಡು ತಟ್ಟೆಗೆ ಹಾಕಿ ಮುಂದಿಟ್ಟೆ, ಅವಳು ಚಮಚದಿಂದ ಒಂದು ಮೂಲೆ ಕತ್ತರಿಸಿ ಎತ್ತಿದಳು, ಬಾಯಿಯ ಹತ್ತಿರ ಚಮಚ ನಿಂತಿತು, ನೀವ ಮಾಡಿದ್ದೇನ್ರಿ, ಎಂದಳು. ಬಿಸಿಯಿತ್ತೆಂದು ನಿಂತಿತೋ, ಇನ್ನೊಂದಕ್ಕೆ ನಿಂತಿತೋ, ಊದಿಕೊಳ್ಳುತ್ತಿದ್ದಳೋ ಏನೋ, ಇನ್ನೊಂದು ಉಸಿರಿನಷ್ಟು ಸುಮ್ಮನಿದ್ದರೆ ತಿಳಿಯುತ್ತಿತ್ತು, ಆ ಒಂದು ಉಸಿರು ತಾಳಲಾಗಲಿಲ್ಲ, ಇಲ್ರೀ, ಇಲ್ರೀ, ಹೊರಗಿನದು, ಹೊಸಪೇಟಿಂದ ತರಿಸೀನಿ, ಎಂದುಬಿಟ್ಟೆ, ನಗುತ್ತ, ಅವಳು ನಗುವ ಹಾಗೆಯೇ. ಚಮಚ ಬಾಯಿಗೆ ಹೋಯಿತು. ಭಾರಿ ಐತ್ರಿ, ಹಾಳಿ ಎಷ್ಟ ತೆಳ್ಳಗ, ಇಂಥದ್ದು ಮನ್ಯಾಗ ಬರಂಗಿಲ್ಲ ಬಿಡ್ರಿ, ಎಂದಳು, ಇನ್ನೊಂದು ಸಲ ಹಾಕಿಸಿಕೊಂಡಳು, ಐದು ವರ್ಷದಿಂದ ನೋಡಬೇಕೆಂದಿದ್ದದ್ದು ಕಣ್ಣೆದುರು ನಡೆಯುತ್ತಿತ್ತು, ನನಗೆ ಗೋಡೆಯ ಕಡೆ ತಿರುಗಲಾಗಲಿಲ್ಲ. ತಿರುಗಿದ್ದು ರಾಜಶ್ರೀಯೇ, ಅವ್ವಾರ, ನೀವೂ ಒಂದ್ ತುಣುಕು ತಿನ್ರಿ, ನಿಮ್ಮ ಮಗಳು ಅಷ್ಟ ದೂರದಿಂದ ತರಿಸ್ಯಾಳ — ಆಗ ನೋಡಿದೆ, ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು, ಹಸಿರು ಬಳೆಗಳ ಸಂದಿಯಲ್ಲಿ ಮೈದಾ ಒಣಗಿ ಬೆಳ್ಳಗೆ ಕೂತಿತ್ತು, ಅದು ಕಾಣಬಾರದೆಂದು, ಬ್ಯಾಡ ತಾಯಿ, ಎಂದಳು, ನನಗ ಹೊರಗಿನದು ಸೇರಂಗಿಲ್ಲ. ಸೆರಗಿನೊಳಗೆ ಎರಡು ಕೈ. ಇದುವರೆಗೆ ಯಾರ ಮುಂದೆಯೂ ಬಚ್ಚಿಟ್ಟಿರದ ಕೈ, ನೀರು ಹರಿಯುತ್ತಲೇ ಇದೆ, ನಲ್ಲಿ ಬಂದ್ ಮಾಡ ಬೇ, ಅನ್ನುತ್ತಾಳೆ, ಮಾಡುತ್ತೇನೆ, ಮಾಡಬೇಕು, ಸೆರಗಿನೊಳಗೆ, ಬಳೆಯ ಸಂದಿಯಲ್ಲಿ ಬೆಳ್ಳಗೆ, ಸೆರಗಿನೊಳಗೆ —