ಎಡಗಡೆ ಯಾರೂ ಇರಲಿಲ್ಲ

ಆ ಹುಡುಗಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದುಕೊಂಡಿದ್ದಳು. ಹಣ್ಣು ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವುದಕ್ಕಾಗುತ್ತದೆಯೇ? ಅದು ಗೊತ್ತಿದ್ದೇ ತಂದಿದ್ದಾಳೆ ಅಂದುಕೊಂಡೆ. ನನ್ನ ಅನುಮಾನ ಶುರುವಾದದ್ದೇ ಆ ಹಣ್ಣಿನಿಂದ.

ಹೆಸರು ತನ್ಮಯಿ ಎಂದಳು. ಯಾವುದೋ ಸಂಸ್ಥೆಯಲ್ಲಿ ಸಂಶೋಧನೆಯಂತೆ. ಈಗ ಕೆಲವು ಲಾರಿಗಳಲ್ಲಿ ಒಂದು ಹೊಸ ಯಂತ್ರ ಬಂದಿದೆ. ಮುಂದೆ ಯಾರಾದರೂ ಅಡ್ಡ ಬಂದರೆ ಮೊದಲು ಕುಂಯ್ ಕುಂಯ್ ಎನ್ನುತ್ತದೆ, ಡ್ರೈವರ್ ಬ್ರೇಕ್ ಹಾಕದಿದ್ದರೆ ತಾನೇ ಹಾಕಿಬಿಡುತ್ತದೆ. ಅಂಥ ಲಾರಿ ಓಡಿಸುವವರಿಗೆ ಅದರ ಬಗ್ಗೆ ಹೇಗನಿಸುತ್ತದೆ, ಅದನ್ನು ನಂಬುತ್ತಾರೋ ಬೈಯುತ್ತಾರೋ, ಇದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನಮ್ಮ ಯಜಮಾನರು ರಾಮಾಂಜಿನಪ್ಪನವರು ಓಡಿಸುವ ಲಾರಿ ಯುಗಾದಿ ಹೊತ್ತಿಗೆ ತಂದದ್ದು. ಅದರಲ್ಲಿ ಈ ಯಂತ್ರ ಸೇರಿಕೊಂಡೇ ಬಂದಿತ್ತು.

ಹೇಗನಿಸುತ್ತದೆ ಎಂದು ಕೇಳುವುದಕ್ಕೂ ಯಾರಾದರೂ ಸಂಬಳ ಕೊಡುತ್ತಾರಾ? ಮೀಸೆ ಕಪ್ಪಗಿದ್ದಾಗಿನಿಂದ ಸ್ಟೀರಿಂಗ್ ಹಿಡಿದ ಮನುಷ್ಯ ಇವರು. ನಿನಗೆ ಹೇಗನಿಸುತ್ತಪ್ಪಾ ಎಂದು ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಕೇಳುತ್ತಾರೆಂದರೆ ಒಳಗೆ ಏನೋ ಮಸಲತ್ತು ಇದೆ. ವಯಸ್ಸಾದ ಡ್ರೈವರುಗಳನ್ನು ಆರಿಸಿ ಮನೆಗೆ ಕಳಿಸಲು ಮಾಲೀಕರೇ ಇವಳನ್ನು ಬಿಟ್ಟಿದ್ದಾರೆ ಎಂದು ನಾನು ಆವತ್ತೇ ತೀರ್ಮಾನ ಮಾಡಿಕೊಂಡೆ.

ಅವಳು ಬಹಳ ನಯವಾಗಿ, ಯಾರ ಹೆಸರನ್ನೂ ಎಲ್ಲೂ ಹಾಕುವುದಿಲ್ಲ ಆಂಟಿ, ಒಬ್ಬೊಬ್ಬರಿಗೆ ಒಂದೊಂದು ನಂಬರ್ ಅಷ್ಟೆ, ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ ಎಂದಳು. ನಂಬರ್ ಹಾಕಿದ ಮೇಲೆ ಹೆಸರು ಯಾಕೆ ಬೇಕು, ಪೊಲೀಸರು ಲಾರಿ ಹಿಡಿಯುವುದೂ ನಂಬರ್ ನೋಡಿಯೇ ಅಲ್ಲವಾ ಎಂದು ಕೇಳಿದೆ. ಹುಡುಗಿ ನಕ್ಕಳು. ನಾನು ನಗಲಿಲ್ಲ.

ನಾನು ಸೀರೆಗೆ ಕುಚ್ಚು ಕಟ್ಟುವವಳು. ನಗರ್ತಪೇಟೆಯ ಅಂಗಡಿಯೊಂದರಿಂದ ರೇಷ್ಮೆ ಸೀರೆ ಬರುತ್ತವೆ. ಬೆಳಕು ಬೇಕೆಂದು ಬಾಗಿಲ ಪಕ್ಕದಲ್ಲೇ ಕೂತು ಸೆರಗಿನ ಎಳೆ ಗಂಟು ಹಾಕುತ್ತಿರುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆ ಇರುವುದೇ ಒಂದೂವರೆ ಕೋಣೆ. ಹಾಗಾಗಿ ಅವಳು ಕೇಳಿದ್ದು, ಇವರು ಹೇಳಿದ್ದು ಒಂದಕ್ಷರ ಬಿಡದೆ ನನ್ನ ಕಿವಿಗೆ ಬೀಳುತ್ತಿತ್ತು.

ಆ ಯಂತ್ರ ಇದ್ದರೆ ಹೇಗನಿಸುತ್ತದೆ ಎಂದು ಕೇಳಿದ್ದಕ್ಕೆ ಇವರು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿದ ಹಾಗೆ ಎಂದರು. ಹುಡುಗಿ ಅದನ್ನೂ ಬರೆದುಕೊಂಡಳು. ಇವರ ಅತ್ತೆ ಎಂದರೆ ನಮ್ಮಮ್ಮ! ಅವಳು ಹೋದ ಮೇಲೆ ಅದಕ್ಕೆ ಬೇರೆ ಜಗಳವಾಯಿತು.

ಆದರೆ ಒಂದು ಮಾತಿನಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೆವು. ಆ ಯಂತ್ರ ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತಿತ್ತು. ಸಿರ್ಸಿ ಸರ್ಕಲ್ ದಾಟಿದ ಮೇಲೆ ಒಂದು ಸಲ, ಕೆಂಗೇರಿ ಹತ್ತಿರ ಒಂದು ಸಲ, ಬನಶಂಕರಿ ಕಡೆಯಿಂದ ಬರುವಾಗ ಎಷ್ಟೋ ಸಲ. ಲಾರಿ ಗಕ್ಕನೆ ನಿಲ್ಲುವುದು, ಹಿಂದಿನವರು ಬಾಯಿಗೆ ಬಂದ ಹಾಗೆ ಬೈಯುವುದು, ಒಳಗಿನ ಪಿಂಗಾಣಿ ಸಾಮಾನು ಒಡೆಯುವುದು. ಅದು ನಿಂತದ್ದೆಲ್ಲ ಆ ಹುಡುಗಿಗೆ ಮೊದಲೇ ಗೊತ್ತಿರುತ್ತಿತ್ತು. ಯಂತ್ರವೇ ಚಾಡಿ ಹೇಳುತ್ತದಂತೆ. ಬಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಆಗ ಮುಂದೆ ಯಾರಿದ್ರು ಅಂಕಲ್? ಇವರದು ಒಂದೇ ಉತ್ತರ, ಯಾರೂ ಇರ್ಲಿಲ್ಲ.

ಹಾಗೇ ಗಟ್ಟಿಯಾಗಿ ಹೇಳಿ, ಯೋಚನೆ ಮಾಡುತ್ತಾ ಕೂರಬೇಡಿ ಎಂದು ನಾನೇ ಇವರಿಗೆ ಹೇಳಿಕೊಟ್ಟಿದ್ದೆ. ಯಾಕೆಂದರೆ, ಈ ಹುಡುಗಿಯ ಕೆಲಸ ಮುಗಿಯಲಿ, ಯಂತ್ರ ವೃಥಾ ನಿಲ್ಲುತ್ತಿದೆ ಎಂದಾದರೆ ವೈರ್ ಕೀಳಿಸಿಬಿಡುತ್ತೇನೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಅದೊಂದು ತೊಲಗಿದರೆ ಸಾಕು ಎಂದು ನಾನು ದಿನಾ ಕೋಟೆ ಆಂಜನೇಯನಿಗೆ ಕೈ ಮುಗಿಯುತ್ತಿದ್ದೆ.

ಒಂದು ದಿನ ಅವಳು, ಕಣ್ಣು ಯಾವಾಗ ಚೆಕ್ ಮಾಡಿಸಿದ್ರಿ ಅಂಕಲ್ ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಂತಲ್ಲ ಹೊರಗೆ, ಬಾಳೆಹಣ್ಣಿನ ಒಳಗಿನ ಹುಳ!

“ಮಿಂಟೋ ಆಸ್ಪತ್ರೆ ಇಲ್ಲೇ ಪಕ್ಕದಲ್ಲಿದೆ, ಬೇಕಾದ್ರೆ ನೀನ್ ಹೋಗಿ ತೋರಿಸ್ಕೊಳಮ್ಮ” ಎಂದೆ.

ಅವಳ ಮುಖ ಸಣ್ಣಗಾಯಿತು. ಎಲ್ಲ ಡ್ರೈವರುಗಳನ್ನೂ ಕೇಳುವ ಪ್ರಶ್ನೆ ಆಂಟಿ, ತಪ್ಪು ತಿಳಿಯಬೇಡಿ ಎಂದಳು. ಇವರ ಕಣ್ಣಿಗೆ ಏನಾಗಿತ್ತು? ಬೀದಿ ತುದಿಯಲ್ಲಿ ಬರುವ ಬಸ್ಸಿನ ಬೋರ್ಡು ಓದಿ ಹೇಳುತ್ತಾರೆ. ಸಂಜೆಯಾದರೆ ನನ್ನ ಸೂಜಿಗೆ ದಾರ ಪೋಣಿಸಿ ಕೊಡುವವರೇ ಇವರು.

ನನಗೆ ಇವರ ಮೇಲೆ ಇದ್ದ ಅನುಮಾನವೇ ಬೇರೆ. ಮಗಳ ಮದುವೆಯಲ್ಲಿ, ಇನ್ನು ಮುಂದೆ ಕುಡಿಯುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದರು. ಈಗ ಕೆಲವು ತಿಂಗಳಿಂದ ಪಕ್ಕದಲ್ಲಿಟ್ಟ ನೀರಿನ ಲೋಟ ಕೈ ತಾಗಿ ಉರುಳುತ್ತಿತ್ತು. ಬಚ್ಚಲಿಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರು. ನಾನು ಬಂದು ಪಕ್ಕದಲ್ಲಿ ಕೂತರೆ ಬೆಚ್ಚಿಬಿದ್ದು, ಕಳ್ಳಿಯ ಹಾಗೆ ಯಾವಾಗ ಬಂದೆ ಎಂದು ರೇಗುತ್ತಿದ್ದರು. ಕುಡಿಯದ ಮನುಷ್ಯ ಹೀಗೆ ಮಾಡುತ್ತಾನಾ? ಮಲಗಿದ ಮೇಲೆ ಬಾಯಿಯ ಹತ್ತಿರ ಮೂಗು ಒಯ್ದು ನೋಡುತ್ತಿದ್ದೆ. ಬರೀ ಸೋಂಪಿನ ವಾಸನೆ. ಸೋಂಪು ಯಾಕೆ ತಿಂದರು, ಏನನ್ನು ಮುಚ್ಚಿಡಲು ತಿಂದರು ಎಂದು ಅದಕ್ಕೂ ಅನುಮಾನ.

ಹೀಗಿರುವಾಗ ಆಯುಧಪೂಜೆ ಬಂತು.

ಕಲಾಸಿಪಾಳ್ಯದ ಕಡೆ ಮಾಲೀಕರ ಗೋಡೌನಿದೆ. ಪ್ರತಿ ವರ್ಷ ಅಲ್ಲೇ ಲಾರಿ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಲಾರಿ ಬೀದಿಯಲ್ಲಿ ಒಂದು ಸುತ್ತು ಹೋಗಿಬರಬೇಕು. ಆಗ ನಾನು ಗೇಟಿನಿಂದ ಸ್ವಲ್ಪ ಮುಂದೆ, ರಸ್ತೆಯ ಎಡಗಡೆ ಆರತಿ ತಟ್ಟೆ ಹಿಡಿದು ನಿಲ್ಲುತ್ತೇನೆ. ಇದು ನಾವು ಮದುವೆಯಾದ ವರ್ಷದಿಂದ ನಡೆದುಬಂದದ್ದು. ಬೇರೆ ಡ್ರೈವರುಗಳು ರೇಗಿಸುತ್ತಾರೆ, ರಾಮಾಂಜಿನಪ್ಪನ ಲಾರಿಗೆ ಬ್ರೇಕು ಹೆಂಡತಿಯೇ ಎಂದು. ನಾನು ರಸ್ತೆಗೆ ಕಾಲಿಡುವ ಮೊದಲೇ ಇವರು ನಿಧಾನ ಮಾಡಿ, ಮೀಸೆಯಡಿ ನಗುತ್ತಾ ನಿಲ್ಲಿಸುತ್ತಿದ್ದರು. ಲಾರಿಗೆ ಬೆಳಗಿ, ಆಮೇಲೆ ಆ ಕಡೆ ಹೋಗಿ ಇವರಿಗೆ ಆರತಿ ಕೊಡುತ್ತಿದ್ದೆ.

ಈ ಸಲವೂ ನಿಂತೆ. ಅರಿಶಿನ ಬಣ್ಣದ ಸೀರೆ ಉಟ್ಟಿದ್ದೆ, ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು, ಮಟಮಟ ಮಧ್ಯಾಹ್ನದ ಬೆಳಕು. ಉಳಿದವರೆಲ್ಲ ಗೇಟಿನ ಒಳಗೆ ಬೂದುಗುಂಬಳ ಒಡೆಯುವ ಗಲಾಟೆಯಲ್ಲಿದ್ದರು. ಲಾರಿ ಗೇಟಿನಿಂದ ಹೊರಬಂದು ನೆಟ್ಟಗಾಯಿತು. ಗಾಜಿನ ಹಿಂದೆ ಇವರ ಮುಖ ಚೆನ್ನಾಗಿ ಕಾಣುತ್ತಿತ್ತು. ನಾನು ರಸ್ತೆಗಿಳಿದು ತಟ್ಟೆ ಎತ್ತಿದೆ.

ಇವರು ನಿಧಾನ ಮಾಡಲಿಲ್ಲ.

ಆಟ ಆಡಿಸುತ್ತಿದ್ದಾರೆ ಅಂದುಕೊಂಡು ಮೊದಲು ನಕ್ಕೆ. ಲಾರಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಇವರ ಕಣ್ಣು ನೇರ ಮುಂದಿನ ರಸ್ತೆಯ ಮೇಲಿತ್ತು, ಮುಖದಲ್ಲಿ ಹಬ್ಬದ ಸಂತೋಷ ಇತ್ತು, ನಾನು ಮಾತ್ರ ಅಲ್ಲಿರಲಿಲ್ಲ. ಹಿಂದೆ ಸರಿಯಬೇಕು ಎಂದು ತಲೆಗೆ ಹೊಳೆಯುತ್ತಿದೆ, ಕಾಲು ಏಳುತ್ತಿಲ್ಲ. ಆಗ ಒಳಗಿನಿಂದ ಕುಂಯ್ ಕುಂಯ್ ಎಂಬ ಸದ್ದು ಕೇಳಿತು. ಲಾರಿ ಮುಗ್ಗರಿಸಿದ ಹಾಗೆ ಬಗ್ಗಿ ನಿಂತಿತು. ಹಾರದ ಒಂದೆರಡು ಸೇವಂತಿಗೆ ಕಿತ್ತು ನನ್ನ ತಟ್ಟೆಯೊಳಗೇ ಬಿದ್ದವು.

ಇವರು ಬಲಗಡೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ಗೇಟಿನ ಹತ್ತಿರ ಇದ್ದ ಮಾಲೀಕರನ್ನು ಕೂಗಿದರು.

“ನೋಡಿ ಸ್ವಾಮಿ, ರೋಡು ಖಾಲಿ ಇದೆ, ಒಂದ್ ನಾಯಿನೂ ಇಲ್ಲ. ಆದ್ರೂ ನಿಂತ್ಕೊಳ್ತು!”

ಕರ್ಪೂರದ ಉರಿ ನನ್ನ ಕೈಯಲ್ಲೇ ಇತ್ತು. ನಾನು ಮೆಲ್ಲಗೆ ಹಿಂದಕ್ಕೆ ಹೆಜ್ಜೆ ಇಟ್ಟು, ಮೋರಿ ದಾಟಿ, ಅಂಗಡಿಯೊಂದರ ಜಗುಲಿ ಹತ್ತಿ ನಿಂತೆ. ಮಾಲೀಕರು ಅಲ್ಲಿಂದಲೇ, ಬಾಳೆಎಲೆ ಅಡ್ಡ ಬಂದಿರಬೇಕು ಬಿಡಿ, ಆ ಹುಡುಗಿ ಭಾನುವಾರ ಕೊನೆಯ ಸಲ ಬರುತ್ತಾಳಂತೆ, ಸೋಮವಾರ ಮೆಕ್ಯಾನಿಕ್ ಕರೆಸಿ ವೈರ್ ಕೀಳಿಸುತ್ತೇನೆ ಎಂದರು. ಬಾಳೆಕಂದು ಕಟ್ಟಿದ್ದು ಎರಡೂ ಕಡೆಯ ಕನ್ನಡಿಯ ಕಂಬಿಗೆ. ಯಂತ್ರದ ಕಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾಕೆ ಆರತಿ ತರಲಿಲ್ಲ ಪಾರ್ವತೀ ಎಂದು ಇವರು ಆಮೇಲೆ ಕೇಳಿದರು. ಗಾಳಿಗೆ ಆರಿಹೋಯಿತು ಎಂದು ಸುಳ್ಳು ಹೇಳಿದೆ.

ಮನೆಗೆ ಬಂದ ಮೇಲೆ ಇವರು ಟಿವಿ ಮುಂದೆ ಕೂತಿದ್ದಾಗ, ಕೆಂಪು ರೇಷ್ಮೆ ದಾರದ ಉಂಡೆ ಹಿಡಿದು ಇವರ ಎಡಗಡೆ ಹೋಗಿ ನಿಂತೆ. ಉಂಡೆಯನ್ನು ಕಿವಿಯ ಹತ್ತಿರದಿಂದ ನಿಧಾನವಾಗಿ ಮುಂದಕ್ಕೆ ತಂದೆ. ಕೆನ್ನೆ ದಾಟಿತು, ಕಣ್ಣಿನ ಕೊನೆ ದಾಟಿತು, ಇವರಿಗೆ ಗೊತ್ತಾಗಲೇ ಇಲ್ಲ. ಮೂಗಿನ ನೇರಕ್ಕೆ ಬಂದಾಗ ಬೆಚ್ಚಿಬಿದ್ದು, ಏನೇ ಇದು ಹುಚ್ಚಾಟ ಎಂದರು. ಬಲಗಡೆಯಿಂದ ತಂದರೆ ಆಗಲೇ ಕೈ ಚಾಚಿ ಹಿಡಿದುಕೊಂಡರು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಲೋಟ ಉರುಳಿದ್ದು ಎಡಗಡೆಯದು. ಬಾಗಿಲಿಗೆ ಬಡಿದದ್ದು ಎಡಭುಜ. ಪಾಪ, ಇವರು ಒಂದು ತೊಟ್ಟೂ ಕುಡಿದಿರಲಿಲ್ಲ. ಬಾಯಿ ಮೂಸಿ ನೋಡಿದ ನನ್ನ ಮೂಗಿಗಿಷ್ಟು ಬೆಂಕಿ ಬೀಳ.

ಭಾನುವಾರದವರೆಗೆ ನನಗೆ ಅನ್ನ ಸೇರಲಿಲ್ಲ. ಹೇಳಿದರೆ ಇವರನ್ನು ಲಾರಿಯಿಂದ ಇಳಿಸುತ್ತಾರೆ. ಆಮೇಲೆ ಇವರು ಯಾರು? ಮಗಳ ಮದುವೆ ಕಾರ್ಡು ಅಚ್ಚು ಹಾಕಿಸಲು ಸುಲ್ತಾನ್‌ಪೇಟೆಗೆ ಹೋದಾಗ, ಹೆಸರಿನ ಹಿಂದೆ ‘ಡ್ರೈವರ್’ ಎಂದು ಹಾಕಲೇಬೇಕು ಎಂದು ಹಟ ಹಿಡಿದು ಹಾಕಿಸಿದವರು ಇವರು. ಅಂಗಡಿಯವನು ನಕ್ಕರೂ ಬಿಡಲಿಲ್ಲ. ಆ ಹೆಸರನ್ನು ನಾನೇ ಕೈಯಾರೆ ಅಳಿಸಬೇಕಾ? ಹೇಳದಿದ್ದರೆ ಸೋಮವಾರ ವೈರ್ ಕೀಳುತ್ತಾರೆ, ಇವರು ಅದೇ ಲಾರಿ ಹತ್ತಿ ಹೋಗುತ್ತಾರೆ. ಇಷ್ಟು ದಿನ ಇವರ ಎಡಗಣ್ಣಾಗಿದ್ದದ್ದು ಆ ಹಾಳು ಯಂತ್ರ. ಅದು ತೊಲಗಲಿ ಎಂದು ಕೈ ಮುಗಿದವಳು ನಾನು.

ಸೂಜಿ ಹಿಡಿದರೆ ಸಿರ್ಸಿ ಸರ್ಕಲ್ ಕಣ್ಣ ಮುಂದೆ ಬರುತ್ತಿತ್ತು. ಕೆಂಗೇರಿ ಬರುತ್ತಿತ್ತು. ಯಾರೂ ಇರಲಿಲ್ಲ, ಯಾರೂ ಇರಲಿಲ್ಲ ಎಂದು ಇವರು ಹೇಳಿದ ಅಷ್ಟೂ ಕಡೆ ಯಾರೋ ಇದ್ದರು. ಸೊಪ್ಪು ತಗೊಂಡು ಮನೆಗೆ ಹೊರಟವಳು ಇದ್ದಳೇನೋ, ಮಗುವಿನ ಕೈ ಹಿಡಿದುಕೊಂಡವಳು ಇದ್ದಳೇನೋ. ಅವರೂ ನನ್ನ ಹಾಗೆ ಕಾಲು ಏಳದೆ ನಿಂತಿರಬೇಕು. ಗಟ್ಟಿಯಾಗಿ ಹೇಳಿ ಎಂದು ಹೇಳಿಕೊಟ್ಟ ಬಾಯಿ ನನ್ನದೇ.

ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ತನ್ಮಯಿ ಬಂದಳು, ಮತ್ತೆ ಬಾಳೆಹಣ್ಣು. ಕೂತ್ಕೋಮ್ಮ ಎಂದೆ. ನಾನಾಗಿ ಕೂರಲು ಹೇಳಿದ್ದು ಅದೇ ಮೊದಲು. ಹುಡುಗಿ ನನ್ನ ಮುಖವನ್ನು ಎರಡು ಸಲ ನೋಡಿದಳು. ಇವರು ಗೋಡೆಗೆ ಒರಗಿ ಕೂತಿದ್ದರು. ನಾನು ಹಣ್ಣನ್ನು ಅಡುಗೆಮನೆಯಲ್ಲಿಟ್ಟು, ಸೀರೆ ಎತ್ತಿಕೊಂಡು ಸದ್ದಿಲ್ಲದೆ ಬಂದು ಇವರ ಎಡ ಮಗ್ಗುಲಿಗೆ, ಮೊಣಕೈ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಕೂತೆ.

ಅದೂ ಇದೂ ಕೇಳಿ ಮುಗಿಸಿ, ಕೊನೆಗೆ ಅವಳು ಆ ಪ್ರಶ್ನೆಗೆ ಬಂದಳು.

“ಹಬ್ಬದ ದಿನ ಗೋಡೌನ್ ಹತ್ರ ಒಂದ್ ಸಲ ನಿಂತಿದೆ ಅಂಕಲ್. ಆಗ ಮುಂದೆ ಯಾರಿದ್ರು?”

“ಯಾರೂ ಇರ್ಲಿಲ್ಲಮ್ಮ” ಎಂದು ಇವರು ನಕ್ಕರು. “ಬೇಕಾದ್ರೆ ಇವಳನ್ನೇ ಕೇಳು, ಅವತ್ತು ಇವಳೂ ಬಂದಿದ್ಲು.”

ಹಾಗೆಂದು ಇವರು ಅಡುಗೆಮನೆಯ ಕಡೆಗೆ ಮುಖ ಮಾಡಿ, “ಪಾರ್ವತೀ, ಬಾ ಇಲ್ಲಿ, ಹೇಳು ಈ ಹುಡುಗಿಗೆ” ಎಂದು ಕೂಗಿದರು.

ಹುಡುಗಿ ಇವರನ್ನು ನೋಡಿದಳು. ಪಕ್ಕದಲ್ಲೇ ಕೂತಿದ್ದ ನನ್ನನ್ನು ನೋಡಿದಳು. ಅವಳ ಪೆನ್ನು ನಿಂತಿತು. ಹೇಳುವುದನ್ನು ನನಗೇ ಬಿಟ್ಟಳು. ಆ ಹುಡುಗಿಯನ್ನು ನಾನು ನಂಬಿದ್ದು ಆ ಗಳಿಗೆಯಲ್ಲಿ.

“ನಾನಿದ್ದೆ ರೀ” ಎಂದೆ. “ಆರತಿ ಹಿಡ್ಕೊಂಡು ಲಾರಿ ಮುಂದೆ ನಾನೇ ನಿಂತಿದ್ದೆ.”

ಇವರು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ಮಾತು ಬಂದ ದಿಕ್ಕು ಅದಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ನಾನು ಸಿಕ್ಕಿದೆ. ನಗು ಇನ್ನೂ ಮುಖದಲ್ಲೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ.

“ಎಷ್ಟ್ ಹತ್ರ ಇದ್ದೆ?” ಎಂದು ಕೇಳಿದರು.

ನಾನು ಮಡಿಲಲ್ಲಿದ್ದ ಸೀರೆ ಪಕ್ಕಕ್ಕಿಟ್ಟು ಅವರ ಕೈ ಹಿಡಿದುಕೊಂಡೆ.