ಸೀರೆಯ ಬೇಲಿ

ಔರಾದಿಗೆ ಹೋಗುವ ರಸ್ತೆಯನ್ನು ಅಗಲ ಮಾಡಿದ ಪುಣ್ಯಾತ್ಮರು ಚಿಗರಿಗಳು ದಾಟಲೆಂದು ಅದರ ಕೆಳಗೆ ಸುರಂಗದಂಥ ಒಂದು ಬೋಗದಾ ಕಟ್ಟಿಸಿದ್ದರು. ಚಿಗರಿ ಬಯಲಿನ ಜಿಂಕೆ, ಕತ್ತಲ ಗೂಡಿಗೆ ತಾನಾಗಿ ನುಗ್ಗುವುದಿಲ್ಲ. ರಸ್ತೆಯ ಎರಡೂ ಬದಿಗೆ ಬೇಲಿ ಹಾಕಿ ಹಿಂಡನ್ನು ಬೋಗದಾದ ಕಡೆ ತಿರುಗಿಸಬೇಕಿತ್ತು. ಅವರ ಬಾಯಿಗೆ ಮಣ್ಣು ಹಾಕ, ಬೇಲಿಯನ್ನೇ ಹಾಕಲಿಲ್ಲ. ಆ ಬರಗಾಲದಲ್ಲಿ ನೀರು ಉಳಿದದ್ದು ರಸ್ತೆಯಾಚೆಯ ಕೆರೆಯಲ್ಲಿ ಮಾತ್ರ. ಹಿಂಡು ಡಾಂಬರಿನ ಮೇಲೆಯೇ ದಾಟುತ್ತಿತ್ತು, ಸಾಯುತ್ತಿತ್ತು.

ಆ ಹಿಂಡಿನಲ್ಲಿ ಸೋನಿ ಇತ್ತು. ಅದರ ತಾಯಿ ಲಾರಿಗೆ ಸಿಕ್ಕಾಗ ನನ್ನ ಮೈದುನನ ಹೆಂಡತಿ ಕೌಸಲ್ಯಾಬಾಯಿ ಮರಿಯನ್ನು ಎತ್ತಿ ತಂದು, ಆಡಿನ ಹಾಲು ಕುಡಿಸಿ, ಸೆರಗಿನಲ್ಲಿ ಮಲಗಿಸಿಕೊಂಡು ಬೆಳೆಸಿದ್ದಳು. ಹೆತ್ತ ಮಕ್ಕಳಿಗೂ ಅಷ್ಟು ಮಾಡಿರಲಿಲ್ಲ, ನಾನೇ ನೋಡಿದ್ದೇನೆ. ಕಾಡಿನ ಪ್ರಾಣಿಯನ್ನು ಮನೆಯಲ್ಲಿ ಇಡಬಾರದೆಂದು ಫಾರೆಸ್ಟ್ ಗಾರ್ಡ್ ಭಾಲಚಂದ್ರ ಅದನ್ನು ಹಿಂಡಿಗೆ ಬಿಟ್ಟ. ಈಗ ಗಬ್ಬವಾಗಿತ್ತು.

"ನನ್ನ ಸೋನಿ ಬದುಕಬೇಕ್ರಿ, ಏನರೆ ಮಾಡ್ರಿ," ಎಂದು ಕೌಸಲ್ಯಾ ಅವನ ಬೆನ್ನು ಹತ್ತಿದಳು.

"ಸೀರಿ ಕಟ್ಟೋಣ್ರಿ ಕೌಸಲ್ಯಾಬಾಯಿ. ಹೊಲಕ್ಕ ಕಟ್ಟಲ್ಲೇನ್ರಿ, ಹಂಗ."

ನಮ್ಮ ಕಡೆ ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ರೂಢಿ. ಗಾಳಿಗೆ ಹಾರಾಡಿದರೆ ಚಿಗರಿ ಹತ್ತಿರ ಸುಳಿಯುವುದಿಲ್ಲ. ಆದರೆ ಊರು ಅರ್ಧ ಖಾಲಿ. ಹೈದರಾಬಾದು, ಪುಣೆ ಎಂದು ಕೂಲಿಗೆ ಹೋದ ಹೆಂಗಸರು ಚಿಂದಿಯನ್ನೂ ಬಿಡದೆ ಗಂಟು ಕಟ್ಟಿಕೊಂಡು ಹೋಗಿದ್ದರು. ಕೌಸಲ್ಯಾ ತನ್ನ ಸೀರೆಗಳನ್ನೆಲ್ಲ ತಂದು ರಾಶಿ ಹಾಕಿದಳು.

"ಹುಚ್ಚ ಹಿಡದದೇನ? ನಾಳಿ ಏನ್ ಉಟ್ಕೋತಿ?" ಎಂದು ಗದರಿದೆ.

"ಮೈಮ್ಯಾಲಿಂದು ಒಂದು ಅದಲ್ಲ ಅಕ್ಕಾ. ಅದು ಸತ್ತರ ನಾ ಸೀರಿ ಉಟ್ಟು ಏನ್ ಮಾಡ್ಲಿ?"

ಒಗೆಯಲು ನೀರೆಲ್ಲಿತ್ತು? ಬೆವರು, ಒಲೆಯ ಹೊಗೆ ಮೆತ್ತಿದ ಸೀರೆಗಳನ್ನು ಹಾಗೆಯೇ ರಸ್ತೆಯ ಪಕ್ಕದ ಗೂಟಗಳಿಗೆ ಬಿಗಿದೆವು.

ಬೆಳಿಗ್ಗೆ ಹಿಂಡು ಬಂತು. ನಾವು ಬೇವಿನ ಮರದ ಮರೆಯಲ್ಲಿದ್ದೆವು. ಸೀರೆ ಪಟಪಟ ಅಂದದ್ದೇ ತಡ, ಮುಂದಿನ ಗಂಡು ಬೆಚ್ಚಿ ಬೋಗದಾದ ಕಡೆ ಹೊರಳಿತು. ಉಳಿದವೂ ಅದರ ಹಿಂದೆ ಓಡಿದವು.

"ಹೋದ್ವು ನೋಡ್ರಿ!" ಎಂದು ಭಾಲಚಂದ್ರ ತೊಡೆ ತಟ್ಟಿದ.

ಸೋನಿ ಓಡಲಿಲ್ಲ. ಮೂಗು ಅರಳಿಸಿಕೊಂಡು ನೇರ ಒಂದು ಹಸಿರು ಸೀರೆಯ ಹತ್ತಿರ ಬಂದು ಅದಕ್ಕೆ ಮುಖ ತಿಕ್ಕಿತು. ಉಳಿದವಕ್ಕೆ ಭಯವಾದದ್ದು ಇದಕ್ಕೆ ತಾಯಿಯ ವಾಸನೆ. ಇಷ್ಟು ಸಣ್ಣ ಮಾತು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಥೂ! ಸೀರೆಯನ್ನು ತಲೆಯಿಂದ ಎತ್ತಿ, ನುಸುಳಿ, ರಸ್ತೆ ಹತ್ತಿ, ಕೌಸಲ್ಯಾ ಎಲ್ಲಿದ್ದಾಳೆಂದು ಹುಡುಕುತ್ತ ನಡುವೆ ನಿಂತುಬಿಟ್ಟಿತು.

ಟಿಪ್ಪರಿನವನು ಹಾರ್ನ್ ಕೂಡ ಹಾಕಲಿಲ್ಲ.

ಹಿಂಗಾಲು ಎರಡೂ ಮುರಿದಿದ್ದವು, ಹೊಟ್ಟೆ ಒಡೆದಿತ್ತು. ಕೌಸಲ್ಯಾ "ಸೋನೀ!" ಎಂದು ಚೀರುತ್ತ ಓಡಿದಳು. ದನಿ ಕೇಳಿದ್ದೇ ಅದು ಮುಂಗಾಲೂರಿ ಏಳಲು ನೋಡಿತು. ಬಿತ್ತು. ಮತ್ತೆ ಏಳಲು ನೋಡಿತು.

"ದೂರ ಹೋಗ್ರಿ ಕೌಸಲ್ಯಾಬಾಯಿ," ಭಾಲಚಂದ್ರ ಅಳುತ್ತಿದ್ದ. "ನಿಮ್ಮನ್ನ ನೋಡಿ ಏಳ್ಲಾಕತ್ತದ. ನೀವ್ ಹೋದರ ಸುಮ್ಮ ಮಲ್ಕೊಂಡು ಸಾಯ್ತದ್ರಿ."

ಅವಳು ಬಾಯಿಗೆ ಸೆರಗು ತುರುಕಿಕೊಂಡು ಬೆನ್ನು ತಿರುಗಿಸಿ ನಡೆದಳು. ನಾನು ಅವಳ ರಟ್ಟೆ ಹಿಡಿದಿದ್ದೆ. ಹಿಂದೆ ಡಾಂಬರಿನ ಮೇಲೆ ಏನೋ ಗೀರುವ ಸದ್ದು.

"ಮಲ್ಕೊಂತೇನ, ಅಕ್ಕಾ?"

ನಾನು ತಿರುಗಿ ನೋಡಿದೆ. ಸೋನಿ ಮುಂಗಾಲಿನ ಮೇಲೆ ತೆವಳುತ್ತ ಅವಳ ಹಿಂದೆಯೇ ಬರುತ್ತಿತ್ತು.

"ಹ್ಞೂಂ, ಮಲ್ಕೊಂತು. ನಡಿ," ಎಂದೆ.