ಡೆಸ್ಮಂಡನ ಪಾತಿಗೆ ತಣ್ಣನೆಯ ಗಾಳಿ

ಸರ್ಕಾರ ಕೊಡುವ ಸಹಾಯಧನದಲ್ಲಿ ಜನ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಾನು ಸೇಡು ತೀರಿಸಿಕೊಂಡೆ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅರ್ಜಿಯಲ್ಲಿ ಗೋಡೆ ಎಂಥದು, ಕಿಟಕಿ ಎಂಥದು ಎಂದೆಲ್ಲ ಕೇಳಿದ್ದರು. ಪಕ್ಕದ ಮನೆಯವನು ಎಂಥವನು ಎಂದು ಯಾರೂ ಕೇಳಲಿಲ್ಲ.

ನಮ್ಮ ಸ್ಟಾಬ್ಲಿಯ ಕಲ್ಲಿದ್ದಲ ಗಣಿ ಮುಚ್ಚಿ ಒಂದು ತಲೆಮಾರೇ ಕಳೆಯಿತು. ಗಣಿ ಹೋದರೂ ಗಣಿಯವರ ಕ್ಲಬ್ಬು ಉಳಿಯಿತು, ಕ್ಲಬ್ಬಿನಲ್ಲಿ ಪ್ರತಿ ಸೆಪ್ಟೆಂಬರಿನ ಲೀಕ್ ಪ್ರದರ್ಶನವೂ ಉಳಿಯಿತು. ಈರುಳ್ಳಿಯ ದೊಡ್ಡಣ್ಣನಂಥ ಈ ತರಕಾರಿಯನ್ನು ಬೇರೆ ಊರಿನವರು ಸೂಪಿಗಾಗಿ ಬೆಳೆಯುತ್ತಾರೆ. ನಮ್ಮ ಗಂಡಸರು ಬೆಳೆಯುವುದು ಜಂಬಕ್ಕಾಗಿ. ಬಿಳಿ ದಂಟು ತೊಡೆ ಗಾತ್ರಕ್ಕೆ ಬರುವ ತನಕ ಸಾಕಿ, ಹಸುಗೂಸಿಗೆ ಎರೆದ ಹಾಗೆ ಮೈ ತೊಳೆದು, ಒಂದಕ್ಕೊಂದು ಹೊಂದುವ ಎರಡನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಗೆದ್ದವನ ಹೆಸರನ್ನು ಬೆಳ್ಳಿಯ ಕಪ್ಪಿನ ಮೇಲೆ ಕೆತ್ತುತ್ತಾರೆ. ನನ್ನ ಗಂಡ ಆಲೆಕ್‌ನ ಹೆಸರೂ ಅದರ ಮೇಲಿದೆ.

ಇನ್ನೊಮ್ಮೆಯೂ ಕೆತ್ತಿಸಿಕೊಳ್ಳಬೇಕಿತ್ತು. ಎರಡು ವರ್ಷದ ಹಿಂದೆ ಪ್ರದರ್ಶನದ ದಿನ ಬೆಳಿಗ್ಗೆ ನೋಡಿದರೆ ನಮ್ಮ ಪಾತಿಯಲ್ಲಿ ಎರಡೇ ಎರಡು ಲೀಕನ್ನು ಯಾರೋ ಚಾಕುವಿನಿಂದ ಓರೆಯಾಗಿ ಸೀಳಿದ್ದರು. ಉಳಿದವನ್ನು ಮುಟ್ಟಿರಲಿಲ್ಲ. ಯಾವ ಎರಡನ್ನು ಮೇಜಿಗೆ ಒಯ್ಯುವುದು ಎಂದು ಆಲೆಕ್ ಹಿಂದಿನ ದಿನವಷ್ಟೇ ಬೇಲಿಯ ಆಚೆ ನಿಂತಿದ್ದ ಡೆಸ್ಮಂಡ್ ಟರ್ನ್‌ಬುಲ್‌ಗೆ ತೋರಿಸಿದ್ದ. ಅವನೊಬ್ಬನಿಗೇ ತೋರಿಸಿದ್ದ. ಇಬ್ಬರೂ ಒಂದೇ ಗಣಿಯಲ್ಲಿ ಇಳಿದವರು, ಒಂದೇ ಡಬ್ಬಿಯಲ್ಲಿ ಬ್ರೆಡ್ಡು ಹಂಚಿಕೊಂಡವರು.

ಆ ವರ್ಷ ಕಪ್ ಡೆಸ್ಮಂಡನಿಗೆ ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. "ಒಳಗೆ ಕೊಳೆತಿತ್ತಂತೆ ಕಣ್ರೋ, ಮಾನ ಉಳಿಸ್ಕೊಳ್ಳೋಕೆ ಆಲೆಕ್ಕೇ ಕುಯ್ಕೊಂಡಿರ್ಬೇಕು" ಎಂದು ಅವನು ಕ್ಲಬ್ಬಿನಲ್ಲಿ ಬಿಯರ್ ಹೀರುತ್ತ ಆಡಿದ. ಮಾತು ಊರೆಲ್ಲ ಸುತ್ತಿತು. ಆಲೆಕ್ ಮತ್ತೆ ಕ್ಲಬ್ಬಿನ ಮೆಟ್ಟಿಲು ಹತ್ತಲಿಲ್ಲ, ಬೀಜ ಬಿತ್ತಲಿಲ್ಲ, ಹಿತ್ತಲ ಕಡೆಯ ಕಿಟಕಿಯ ಪರದೆಯನ್ನೂ ಸರಿಸಲಿಲ್ಲ. ಆ ಪರದೆಯ ಹಿಂದೆಯೇ ಸೊರಗಿ ಸತ್ತ. ಶವಪೆಟ್ಟಿಗೆಗೆ ಹೆಗಲು ಕೊಡಲು ಡೆಸ್ಮಂಡ್ ಬಂದಾಗ ನಾನು ಅವನ ಕೈ ತಟ್ಟಿ ಆಚೆ ಸರಿಸಿದೆ. ಆವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಕ್ಲಬ್ಬಿನಲ್ಲಿ ಒಂದು ನಿಯಮವಿದೆ. ಸತತವಾಗಿ ಮೂರು ವರ್ಷ ಗೆದ್ದವನು ಕಪ್ಪನ್ನು ಮನೆಗೊಯ್ದು ಇಟ್ಟುಕೊಳ್ಳಬಹುದು, ಅದು ಅವನದೇ. ಡೆಸ್ಮಂಡ್ ಆ ವರ್ಷವೂ ಅದರ ಮುಂದಿನ ವರ್ಷವೂ ಗೆದ್ದಾಗಿತ್ತು. ಈ ಸಲವೂ ಗೆದ್ದರೆ, ನನ್ನ ಗಂಡನ ಹೆಸರು ಆ ಕಳ್ಳನ ಗಾಜಿನ ಕಪಾಟಿನೊಳಗೆ ಸೇರುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ನನಗೆ ಮೊದಲು ನೆನಪಾಗುತ್ತಿದ್ದದ್ದು ಆ ಕಪಾಟು.

ಹೀಗಿರುವಾಗ ಫೆಬ್ರುವರಿಯಲ್ಲಿ ಮನೆಯನ್ನೂ ನೀರನ್ನೂ ಕಾಯಿಸುವ ನಮ್ಮ ಗ್ಯಾಸ್ ಬಾಯ್ಲರ್ ಕೆಮ್ಮಿ ಕೆಮ್ಮಿ ಸತ್ತಿತು. ಅದನ್ನು ತೆಗೆದು ಹೀಟ್ ಪಂಪ್ ಹಾಕಿಸಿದರೆ ಸರ್ಕಾರ ದುಡ್ಡು ಕೊಡುತ್ತದೆ ಎಂದು ತಿಳಿದು ಅರ್ಜಿ ಹಾಕಿದೆ. ಮನೆ ನೋಡಲು ಕಂಪನಿಯಿಂದ ಕರ್ಸ್ಟಿ ಎಂಬ ಹುಡುಗಿ ಬಂದಳು. ಟೇಪು ಹಿಡಿದು ಮನೆಯೆಲ್ಲ ಅಳೆದ ಮೇಲೆ ಹಿತ್ತಲಿಗೆ ಬಂದು ನಿಂತಳು.

"ಹೊರಗಡೆ ಇಡೋ ಪೆಟ್ಟಿಗೆ ಇದೆಯಲ್ಲ ಹೇಜಲ್ ಅವ್ರೇ, ಅದು ಗಾಳಿಯಲ್ಲಿರೋ ಶಾಖ ಹೀರ್ಕೊಂಡು ನಿಮ್ಮ ನೀರು ಕಾಯ್ಸುತ್ತೆ. ಶಾಖ ಹೋದ ಗಾಳೀನ ಮುಂದ್ಗಡೆಯಿಂದ ಉಗೀತಾ ಇರುತ್ತೆ. ಐಸಿನ ಥರ ತಣ್ಣಗಿರುತ್ತೆ. ಮನೆ ಹಿಂದ್ಗಡೆ ಇಡೋಣ. ಪಕ್ಕದ ಗೋಡೆಗಿಟ್ರೆ ಆ ಮನೆಯವ್ರ ತರಕಾರಿಗೆ ನೇರ ಹೊಡೆಯುತ್ತೆ, ಪಾಪ."

ನಾನು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಚಾಚಿದೆ. "ಪಕ್ಕದ ಗೋಡೆಗೆ ಇಡಬಾರ್ದು ಅಂತ ಕಾನೂನಿದ್ಯಾ?"

"ಕಾನೂನೇನಿಲ್ಲ. ಸದ್ದು ಲೆಕ್ಕ ಹಾಕಿದ್ದೀನಿ, ಅದೂ ಸರಿಯಾಗೇ ಬರುತ್ತೆ. ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ ಕಣಮ್ಮ. ಅಲ್ಲೇ ಇಡು. ಇನ್ನೊಂದು ಬಿಸ್ಕತ್ತು ತಗೋ."

ಏಪ್ರಿಲ್‌ನಲ್ಲಿ ಪೆಟ್ಟಿಗೆ ಬಂದು ಕೂತಿತು. ಮುಂದೆ ಮೊಣಕಾಲೆತ್ತರದ ಬೇಲಿ, ಅದರಾಚೆ ಡೆಸ್ಮಂಡನ ಪಾತಿ. ಫ್ಯಾನು ತಿರುಗಲು ಶುರುವಾಗಿ ಅವನ ಎಳೆ ಲೀಕಿನ ಎಲೆಗಳು ನಡುಗಿದಾಗ ನನ್ನ ಹೊಟ್ಟೆ ತಣ್ಣಗಾಯಿತು.

ಬೇಸಿಗೆ ಬಂದ ಮೇಲೆ ಮನೆ ಕಾಯಿಸುವುದು ಬೇಕಿರಲಿಲ್ಲ. ಸ್ನಾನದ ನೀರು ಕಾಯುವಾಗ ಮಾತ್ರ ಪಂಪ್ ಓಡುತ್ತಿತ್ತು. ಸರಿ, ಸ್ನಾನ ಮಾಡಿದೆ. ಬೆಳಿಗ್ಗೆ ಟಬ್ಬು ತುಂಬಿಸಿದೆ, ಮಧ್ಯಾಹ್ನ ತುಂಬಿಸಿದೆ, ಸಂಜೆ ಚಹಾ ಆದ ಮೇಲೂ ತುಂಬಿಸಿದೆ. ಬೆರಳೆಲ್ಲ ಸುಕ್ಕುಗಟ್ಟಿ ಒಣದ್ರಾಕ್ಷಿಯಾದವು. ನನ್ನೊಬ್ಬಳ ಮೈ ಸಾಲದೆ ನೋರೀನ್‌ಳನ್ನೂ ಕರೆದೆ. ಅವಳು ನನ್ನ ಗೆಳತಿ, ಲೀಕ್ ಪ್ರದರ್ಶನ ನಡೆಸುವ ಕ್ಲಬ್ಬಿನ ಕಾರ್ಯದರ್ಶಿ. ಅವಳ ಬಾಯ್ಲರೂ ಕೆಟ್ಟಿತ್ತು, ಸಹಾಯಧನದ ಸರದಿಗೆ ಕಾಯುತ್ತಿದ್ದಳು. ದಿನಾ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು.

"ಏನೇ ಹೇಜಲ್, ಇಷ್ಟು ಧಾರಾಳ? ಕರೆಂಟ್ ಬಿಲ್ ನೋಡಿದ್ರೆ ಎದೆ ಒಡ್ಕೋತೀಯ."

"ನೀನು ಸುಮ್ನೆ ಮೈ ಉಜ್ಕೊಳೇ ತಾಯಿ. ಚೆನ್ನಾಗಿ ಉಜ್ಕೋ, ಕಿವಿ ಹಿಂದೆನೂ ಉಜ್ಕೋ."

ಡೆಸ್ಮಂಡ್ ಸುಮ್ಮನಿರಲಿಲ್ಲ. ಒಂದು ದಿನ ಬೇಲಿಯ ಹತ್ತಿರ ನಿಂತು ಆಕಾಶಕ್ಕೆ ಹೇಳುವವನಂತೆ, "ಕೆಲವ್ರ ಮನೇಲಿ ಆನೆ ಸಾಕ್ಕೊಂಡಿದಾರೋ ಏನೋ, ಹೊತ್ತಿಲ್ಲ ಗೊತ್ತಿಲ್ಲ ಸ್ನಾನ" ಎಂದ. ನಾನೂ ಬಟ್ಟೆ ಒಣಗಿಸುವ ತಂತಿಗೆ ಹೇಳಿದೆ: "ಕೆಲವ್ರು ಎಷ್ಟು ಸ್ನಾನ ಮಾಡಿದ್ರೂ ಅವ್ರಿಗೆ ಅಂಟಿರೋ ಕೊಳೆ ಹೋಗಲ್ಲ." ಅವನು ಸದ್ದು ಜಾಸ್ತಿ ಎಂದು ಊರಿನ ಕೌನ್ಸಿಲ್‌ಗೆ ದೂರು ಕೊಟ್ಟ. ಅಲ್ಲಿಂದ ಬಂದವನು ಸದ್ದು ಅಳೆದು, ಎಲ್ಲ ನಿಯಮದ ಪ್ರಕಾರವೇ ಇದೆ ಎಂದು ಹೇಳಿ ಹೋದ. ಸರ್ಕಾರ ನನ್ನ ಕಡೆಗಿತ್ತು.

ಆಮೇಲೆ ಆಗಸ್ಟ್ ಬಂತು. ಅಂಥ ಬಿಸಿಲನ್ನು ಈ ಊರು ಕಂಡಿರಲಿಲ್ಲ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಲೀಕ್ ಚಳಿಗಾಲದ ಜೀವ, ಸೆಖೆ ಅದಕ್ಕಾಗದು. ಇವರ ಲೀಕ್ ಹೂದಂಟು ಬಿಟ್ಟು ಕೆಟ್ಟಿತಂತೆ, ಅವರದು ಬುಡದಲ್ಲೇ ಕೊಳೆಯಿತಂತೆ ಎಂದು ಅಂಗಡಿಯ ಸಾಲಿನಲ್ಲಿ ಸೂತಕದ ಮನೆಯ ಹಾಗೆ ಮಾತು ನಡೆದಿತ್ತು. ನಾನು ಕುಣಿಯುತ್ತ ಮನೆಗೆ ಬಂದೆ. ಡೆಸ್ಮಂಡನ ಪಾತಿ ಆಚೆ ತುದಿಯ ತನಕ ಏನಾಗಿದೆ ಎಂದು ಕಣ್ತುಂಬ ನೋಡಲು ಕುರ್ಚಿ ಹತ್ತಿದೆ.

ಪಾತಿಯ ಆಚೆ ತುದಿಯಲ್ಲಿದ್ದವೆಲ್ಲ ಸುಟ್ಟು ಮಲಗಿದ್ದವು. ನನ್ನ ಪೆಟ್ಟಿಗೆಯ ಎದುರಿಗಿದ್ದವು ಮಾತ್ರ ಕಡುಹಸಿರಾಗಿ, ಕೊಬ್ಬಿ, ತಂಗಾಳಿಗೆ ತಲೆದೂಗುತ್ತ ನಿಂತಿದ್ದವು. ಅಂಥ ಲೀಕನ್ನು ಆಲೆಕ್ ಕೂಡ ಬೆಳೆದಿರಲಿಲ್ಲ. ಇಡೀ ಸ್ಟಾಬ್ಲಿ ಬೆಂದು ಹೋಗುತ್ತಿದ್ದಾಗ ನಾನು ಹಗಲೆಲ್ಲ ಟಬ್ಬಿನಲ್ಲಿ ಕೂತು ನನ್ನ ಗಂಡನನ್ನು ಕೊಂದವನ ಬೆಳೆಗೆ ಬೀಸಣಿಗೆ ಬೀಸಿದ್ದೆ.

ಕುರ್ಚಿಯಿಂದ ಇಳಿದವಳೇ ಒಳಗೆ ಹೋಗಿ ಪಂಪ್ ಆರಿಸಿದೆ. ಅಡುಗೆಮನೆಯ ನೆಲದ ಮೇಲೆ ಕೂತು, ಸಿಟ್ಟಿಗೆ ಹೆಂಗಸರು ಅಳುವ ಹಾಗೆ ಅತ್ತೆ.

ಮಾರನೆಯ ದಿನ ನೋರೀನ್ ಬಂದಾಗ ನೀರು ತಣ್ಣಗಿದೆ ಎಂದೆ. "ಈ ಸೆಖೆಗೆ ತಣ್ಣೀರೇ ಸ್ವರ್ಗ" ಎಂದು ಅವಳು ಮೇಲೆ ಹೋಗಿ, ಬಚ್ಚಲ ಕಿಟಕಿಯನ್ನು ಪೂರಾ ತೆರೆದು, ಟಬ್ಬಿಗಿಳಿದಳು. ಅಷ್ಟರಲ್ಲಿ ಹಿತ್ತಲ ಬಾಗಿಲು ಬಡಿದ ಸದ್ದು. ತೆಗೆದರೆ ಡೆಸ್ಮಂಡ್. ಟೋಪಿ ಕೈಯಲ್ಲಿತ್ತು, ಮುಖ ಬಾಡಿತ್ತು.

"ನಿನ್ನ ಮೆಷಿನ್ನು ನಿಂತಿದೆ" ಎಂದ.

"ನಿಂತಿದೆ. ನಿಂಗೆ ಅದ್ರ ಸದ್ದು ಕಂಡ್ರೆ ಆಗ್ತಿರ್ಲಿಲ್ವಲ್ಲ."

"ಹೇಜಲ್, ನೆನ್ನೆಯಿಂದ ಎಲೆ ಜೋತಾಡ್ತಿದೆ. ಇನ್ನೆರಡು ದಿನ ಹೀಗೇ ಆದ್ರೆ ಎಲ್ಲಾ ಹೋಗುತ್ತೆ. ಕರೆಂಟಿನ ದುಡ್ಡು ನಾನು ಕೊಡ್ತೀನಿ." ಒಂದು ಹೆಜ್ಜೆ ಮುಂದಿಟ್ಟ. "ಒಳಗೆ ಬಂದು ಮಾತಾಡ್ಲಾ?"

ಬಚ್ಚಲ ಕಿಟಕಿ ಇದ್ದದ್ದು ಸರಿಯಾಗಿ ಅವನ ತಲೆಯ ಮೇಲೆ. "ಬೂಟಲ್ಲಿ ಮಣ್ಣಿದೆ, ಅಲ್ಲೇ ನಿಂತ್ಕೊ" ಎಂದೆ. "ನಿನ್ನ ದುಡ್ಡು ಯಾರಿಗೆ ಬೇಕು? ನಂಗೆ ಒಂದು ಮಾತು ಬೇಕು. ಆಲೆಕ್‌ನ ಜೋಡಿ ಕುಯ್ದೋರು ಯಾರು?"

"ಅಯ್ಯೋ, ಅದು ಹಳೇ ಕಥೆ, ಈಗ್ಯಾಕೆ..."

"ಹಂಗಾದ್ರೆ ಹೋಗು. ನಿನ್ನ ಲೀಕ್ ಸಾಯೋದನ್ನ ನಾನು ಇಲ್ಲೇ ಕೂತು ನೋಡ್ತೀನಿ."

ಅವನು ಬೇಲಿಯ ಕಡೆ ತಿರುಗಿ ನೋಡಿದ. ಬೀದಿಯ ಕಡೆ ನೋಡಿದ. ಯಾರೂ ಇರಲಿಲ್ಲ. ಗಂಡ ಸತ್ತ ಮುದುಕಿಯ ಮಾತನ್ನು ಯಾರು ನಂಬುತ್ತಾರೆ ಎಂದು ಅವನು ಎಣಿಸಿದ್ದು ನನಗೆ ಮುಖದಲ್ಲೇ ಕಂಡಿತು.

"ನಾನೇ" ಎಂದ.

"ಏನು? ಕೇಳಿಸ್ಲಿಲ್ಲ. ಜೋರಾಗಿ ಹೇಳು, ನಂಗೂ ವಯಸ್ಸಾಯ್ತು."

"ನಾನೇ ಕುಯ್ದಿದ್ದು ಕಣೇ! ಅವ್ನೇ ಪ್ರತಿ ಸಲ ಗೆಲ್ಬೇಕಾ? ಇಬ್ರೂ ಒಂದೇ ಥರ ಬೆವರು ಸುರ್ಸಿದ್ವಿ. ಬ್ರೆಡ್ಡು ಕುಯ್ಯೋ ಚಾಕು ತಗೊಂಡು ಹೋದೆ, ಬೆಣ್ಣೆ ಕುಯ್ದಂಗೆ ಹೋಯ್ತು. ಸಾಕಾ? ಈಗ ಸ್ವಿಚ್ ಹಾಕು."

ನಾನು ಒಳಗೆ ಹೋಗಿ ಪಂಪ್ ಹಾಕಿದೆ. ಕೊಟ್ಟ ಮಾತು ಕೊಟ್ಟ ಮಾತೇ. ಅವನು ಬೇಲಿ ದಾಟಿ ಹೋಗಿ ಲೀಕಿನ ಎಲೆಗಳನ್ನು ಬೆರಳಿನಿಂದ ಎತ್ತಿ ಹಿಡಿದು ಗಾಳಿಗೆ ಒಡ್ಡುತ್ತಿದ್ದ.

ನೋರೀನ್ ಟವೆಲ್ ಸುತ್ತಿಕೊಂಡು, ನೀರು ಸೋರಿಸುತ್ತ ಮೆಟ್ಟಿಲಿಳಿದು ಬಂದಳು. ಕಣ್ಣು ಕೆಂಪಾಗಿತ್ತು. "ಆಲೆಕ್‌ನ ಬಗ್ಗೆ ಆ ಮಾತನ್ನ ನಾನೂ ನಂಬಿದ್ದೆ ಕಣೇ. ಆ ಹಾಳಾದವ್ನನ್ನ ಇವತ್ತೇ ಕ್ಲಬ್ಬಿಂದ ಒದ್ದು ಓಡಿಸ್ತೀನಿ."

"ಇವತ್ತು ಬೇಡ" ಎಂದೆ. "ಬೆಳೀಲಿ."

ಅಲ್ಲಿಂದ ಮುಂದೆ ನಾನು ಮಾಡಿದ ಸ್ನಾನಗಳಿಗೆ ಬೇರೆಯೇ ಸುಖವಿತ್ತು. ಅವನ ಲೀಕಿಗೆ ಒಂದು ಘಳಿಗೆಯೂ ಬಿಸಿ ತಾಗದಂತೆ ನೋಡಿಕೊಂಡೆ. ಬೇಲಿಯ ಹತ್ತಿರ ಸಿಕ್ಕಾಗ ಡೆಸ್ಮಂಡ್ ನಗುತ್ತಿದ್ದ. ನಾನೂ ನಕ್ಕೆ. ಒಂದು ಸಲ ನನಗೆ ಬಟಾಣಿ ಕೊಟ್ಟ, ತಗೊಂಡೆ. ಬೇಯಿಸಿ ತಿಂದೆ.

ಪ್ರದರ್ಶನದ ದಿನ ಕ್ಲಬ್ಬಿನ ಮೇಜುಗಳು ಅರ್ಧಕ್ಕರ್ಧ ಖಾಲಿ ಇದ್ದವು. ಇದ್ದವುಗಳ ನಡುವೆ ಡೆಸ್ಮಂಡನ ಜೋಡಿ ಕರಿ ಬಟ್ಟೆಯ ಮೇಲೆ ಬೆಳ್ಳಗೆ ಹೊಳೆಯುತ್ತ ಮಲಗಿತ್ತು. ಪರ ಊರಿನಿಂದ ಬಂದ ತೀರ್ಪುಗಾರ ಅಳತೆ ಮಾಡಿ ಮೆಚ್ಚಿ ತಲೆಯಾಡಿಸಿದ. ಡೆಸ್ಮಂಡ್ ಕೋಟಿಗೆ ಹೂ ಸಿಕ್ಕಿಸಿಕೊಂಡು ಬಂದಿದ್ದ. ಕಪ್ಪನ್ನು ಮನೆಗೆ ಒಯ್ಯಲು ದಿಂಬಿನ ಗವಸನ್ನೂ ತಂದಿದ್ದ.

ನೋರೀನ್ ಮೈಕಿನ ಮುಂದೆ ನಿಂತಳು. "ಮೊದಲನೇ ಬಹುಮಾನ ಹೇಳೋಕೆ ಮುಂಚೆ ಎಲ್ರಿಗೂ ಒಂದು ನಿಯಮ ನೆನಪು ಮಾಡ್ತೀನಿ. ಇನ್ನೊಬ್ರ ಲೀಕಿಗೆ ಚಾಕು ಹಾಕಿದೋನು ಬದುಕಿರೋವರ್ಗೂ ಈ ಮೇಜಿನ ಹತ್ರ ಬರೋ ಹಂಗಿಲ್ಲ. ಡೆಸ್ಮಂಡ್, ಆಲೆಕ್‌ನ ಜೋಡಿ ಕುಯ್ದಿದ್ದು ನಾನೇ ಅಂತ ನೀನು ಹೇಜಲ್ ಮನೆ ಬಾಗಿಲಲ್ಲಿ ನಿಂತು ಹೇಳಿದೆ. ನನ್ನ ಕಿವಿಯಾರೆ ಕೇಳಿದೀನಿ."

"ಸುಳ್ಳು!" ಎಂದು ಅವನು ಎದ್ದ. "ನೀನೆಲ್ಲಿದ್ದೆ ಅಲ್ಲಿ?"

"ನಿನ್ನ ತಲೆ ಮೇಲೆ ಟಬ್ಬಲ್ಲಿದ್ದೆ ಕಣೋ. 'ಬ್ರೆಡ್ಡು ಕುಯ್ಯೋ ಚಾಕು ತಗೊಂಡು ಹೋದೆ, ಬೆಣ್ಣೆ ಕುಯ್ದಂಗೆ ಹೋಯ್ತು.' ಇದು ನಿನ್ನ ಮಾತು ತಾನೆ?"

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಒಂದು ಮೇಜಿನಿಂದ ಇನ್ನೊಂದಕ್ಕೆ ಹಬ್ಬಿತು. ಆಮೇಲೆ ನಗು ನಿಂತಿತು. ಆಲೆಕ್‌ನ ಜೊತೆ ಗಣಿಯಲ್ಲಿ ದುಡಿದ ಮುದುಕರು ಒಬ್ಬೊಬ್ಬರಾಗಿ ಡೆಸ್ಮಂಡನಿಗೆ ಬೆನ್ನು ಹಾಕಿ ತಿರುಗಿ ಕೂತರು. ಡೆಸ್ಮಂಡ್ ನನ್ನ ಕಡೆ ನೋಡಿದ. ನಾನು ಅವನಿಂದ ಕಣ್ಣು ಕೀಳಲಿಲ್ಲ. ದಿಂಬಿನ ಗವಸನ್ನು ಕುರ್ಚಿಯ ಮೇಲೆಯೇ ಬಿಟ್ಟು ಅವನು ಹೊರಗೆ ಹೋದ. ಕಪ್ ಎರಡನೆಯವನಿಗೆ ಹೋಯಿತು, ಮುಂದಿನ ವರ್ಷದ ತನಕ ಮಾತ್ರ.

ಪ್ರದರ್ಶನ ಮುಗಿದ ಮೇಲೆ ಲೀಕುಗಳನ್ನೆಲ್ಲ ದೊಡ್ಡ ಹಂಡೆಗೆ ಹಾಕಿ ಸೂಪ್ ಮಾಡಿ, ಕೂಟಕ್ಕೆ ಬರಲಾಗದ ಮುದುಕರ ಮನೆಗಳಿಗೆ ಹಂಚುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ಡೆಸ್ಮಂಡನ ಜೋಡಿಯನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ನಾನು ಎರಡೂ ಕಂಕುಳಿಗೆ ಒಂದೊಂದನ್ನು ಸಿಕ್ಕಿಸಿಕೊಂಡು ಕ್ಲಬ್ಬಿನ ಅಡುಗೆಮನೆಗೆ ಒಯ್ದೆ. ಮನೆಯಿಂದ ಆಲೆಕ್‌ನ ಚಾಕು ತಂದಿದ್ದೆ. ಓರೆಯಾಗಿ ಸೀಳಿದೆ. ನಿಜ, ಬೆಣ್ಣೆ ಕುಯ್ದ ಹಾಗೆಯೇ ಹೋಯಿತು.

ಸಂಜೆ ಬಟ್ಟಲಿನಲ್ಲಿ ಬಿಸಿ ಬಿಸಿ ಸೂಪ್ ಹಿಡಿದು ಅವನ ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ತೆಗೆದ. ಹಿತ್ತಲ ಕಡೆಯ ಪರದೆಗಳನ್ನೆಲ್ಲ ಎಳೆದಿದ್ದ. ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ.

"ನಂದಾ?" ಎಂದ.

"ನಿಂದೇ ಕಣೋ" ಎಂದೆ. "ಉಪ್ಪು ಮಾತ್ರ ನಂದು."